ನೆಲ ಕೆರೆಯುವ ಬಾಗಿಲು

ಆಸ್ಪತ್ರೆಯ ಬೆಂಚಿನಲ್ಲಿ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದ ಹೊಲಿಗೆಯಾಕೆಗೆ ಪಕ್ಕದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಬಡಗಿ. ಉಳಿ ಜಾರಿ ಕೊಯ್ದುಕೊಂಡಿದ್ದ ಬಲಗೈ ಹೆಬ್ಬೆರಳು ಮಾಯ್ದಿದ್ದರೂ, ಆ ಕೈಯನ್ನು ಮೊಟ್ಟೆಯ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

“ಒಂದ್ಸಲ ಬಗ್ಗಿಸಿ ನೋಡಿ ಅಂದ್ರೆ ನೋಡಲ್ಲ.”

“ಬಗ್ಗಲ್ಲ ಕಣೇ. ಇದು ಸತ್ತ ಬೆರಳು.”

“ಹಾಗಾದ್ರೆ ಅರ್ಧಕ್ಕೆ ನಿಂತಿರೋ ಆ ಕಪಾಟು ಯಾರು ಮುಗಿಸೋದು?”

“ನೀನೇ ಮುಗಿಸು. ನಿನ್ನೆ ಹಲಗೆ ಉಜ್ಜೋಕೆ ನಿಂತಿದ್ಯಲ್ಲ.”

“ಉಜ್ಜಿದೆ, ಪೂರ್ತಿ ಸಿಬಿರೆದ್ದು ಹೋಯ್ತು. ಮರದ ಎಳೆಗೆ ಎದುರಾಗಿ ಉಜ್ಜಬಾರದು ಅಂತ ಆಮೇಲೆ ಹೇಳಿದ್ರಿ.”

“ಮೊದಲೇ ಹೇಳಿದ್ರೆ ಕೇಳ್ತಿದ್ಯಾ?”

“ನೀವೇನು ಕಮ್ಮಿ? ಎಡಗೈಲಿ ಅಂಟು ಹಚ್ಚೋಕೆ ಹೋಗಿ ಅಂಗಿ ತೋಳನ್ನೇ ಹಲಗೆಗೆ ಅಂಟಿಸ್ಕೊಂಡ್ರಿ. ಕತ್ತರಿಸಿ ಬಿಡಿಸಿದ್ದು ನಾನು.”

ಒಳ್ಳೆಯ ಅಂಗಿ ತೋಳು ಹಾಳಾಯಿತಲ್ಲ ಎಂದು ಹೊಲಿಗೆಯಾಕೆ ಮನಸ್ಸಿನಲ್ಲೇ ತೇಪೆಯ ಅಳತೆ ಹಾಕಿದಳು. ಅಷ್ಟರಲ್ಲಿ ಡಾಕ್ಟರ ಕೋಣೆಯ ಬಾಗಿಲು ಮತ್ತೆ ನೆಲ ಕೆರೆಯಿತು.

“ಥೂ, ಬೆಳಗಿಂದ ಕೇಳಿ ಕೇಳಿ ತಲೆ ಕೆಟ್ಟೋಯ್ತು. ಮೇಲಿನ ಕೀಲಿನ ಸ್ಕ್ರೂ ಸಡಿಲ ಆಗಿದೆ, ಅಷ್ಟೇ.”

“ನಿಮಗ್ಯಾಕೆ ಊರ ಉಸಾಬರಿ?” ಎಂದ ಹೆಂಡತಿ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಚಾಚಿದಳು.

“ಇದನ್ಯಾಕೆ ತಂದೆ?”

“ಚೀಲದಲ್ಲೇ ಇತ್ತು.”

ಅವನು ಎದ್ದುಹೋಗಿ, ಬಾಗಿಲು ಕೂರಿಸಿದವನನ್ನು ಬಾಯಿತುಂಬ ಬೈಯುತ್ತಾ ಸ್ಕ್ರೂ ಬಿಗಿಮಾಡತೊಡಗಿದ. ಹೆಂಡತಿ ಹಿಂದೆಯೇ ಹೋಗಿ ನೋಡುತ್ತಾ ನಿಂತಳು.

“ಏನು ಹಾಗೆ ನೋಡ್ತಿದ್ದೀಯ?”

“ಯಾವ ಕೈಲಿ ತಿರುಗಿಸ್ತಿದ್ದೀರಿ?”

ಅವನು ತನ್ನ ಕೈ ನೋಡಿಕೊಂಡ. ಬಲಗೈ ಹೆಬ್ಬೆರಳು ಸ್ಕ್ರೂಡ್ರೈವರಿನ ಹಿಡಿಯ ಸುತ್ತ ಬಗ್ಗಿ ಕೂತಿತ್ತು.

ಒಳಗಿಂದ ಕರೆ ಬಂತು. ಇಬ್ಬರೂ ಹೋದರು. ಅವರ ಬೆನ್ನ ಹಿಂದೆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.