ತುಪ್ಪದ ಪ್ಯಾಕೆಟ್ಟಿನ ಮೇಲಿನ ಅವ್ವ

ಪಾಂಡವಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದ ದ್ಯಾವಮ್ಮನ ಕಿವಿ ಪಕ್ಕದ ಹುಡುಗಿಯರ ಮಾತಿಗೆ ತಾನಾಗಿ ನೆಟ್ಟಗಾಯಿತು. ತುಪ್ಪದ ಕಂಪನಿಯೊಂದರಲ್ಲಿ ಡಿಸೈನರ್ ಆಗಿದ್ದ ಪ್ರಮೀಳಾ ಗೆಳತಿಯ ಮುಂದೆ ಕುದಿಯುತ್ತಿದ್ದಳು.

“ಸತ್ತೋದ ನಮ್ಮವ್ವ ಬೆಣ್ಣೆ ಕಾಯಿಸ್ತಿದ್ದುದ್ನ ನಾನು ಪೇಪರಿಗೆ ಬರ್ದಿದ್ನಲ್ಲ ಉಮ, ಆ ಸಾಲ್ನೇ ಎತ್ತಿ ಪ್ಯಾಕೆಟ್ ಮೇಲೆ ಆಕ್ಸವ್ನೆ ನಮ್ ಓನರ್ರು!”

“ನಿನ್ನ ಒಂದ್ ಮಾತು ಕೇಳ್ಲಿಲ್ವಾ?”

“ಸಂಬಳ ಕೊಡಾಕಿಲ್ವಾ, ನೀ ಬರ್ದಿದ್ದೆಲ್ಲಾ ಕಂಪ್ನೀದೇ ಅಂದ.”

“ಪ್ಯಾಕೆಟ್ ಮೇಲಿರೋ ಫೋಟೋನಾದ್ರೂ ನಿಮ್ಮವ್ವಂದೇ ಅಲ್ವಾ?”

“ಅವ್ವಂದೇ ಇಟ್ಟಿದ್ದೆ. ಕಪ್ಪಗವ್ಳೆ, ತೆಗಿ ಅಂದ! ಯಾವಳೋ ಬೆಳ್ಳಗಿರೋಳ ಫೋಟೋ ಕೊಟ್ಟ.”

“ನಿಮ್ಮವ್ವನ ಫೋಟೋ ತೆಗ್ದಾಕಿದವ್ರು ಯಾರು?”

“ಇನ್ಯಾರು? ನಾನೇ, ನನ್ ಕೈಯಾರೆ.”

ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಪ್ರಮೀಳಾ ತಿರುಗಿ ಅಂದಳು:

“ಈಗ ಅವ್ವನ ಬಗ್ಗೆ ಬರಿಯಾಕೆ ಕುಂತ್ರೆ ಆ ಬೆಳ್ಳಗಿರೋಳ ಮುಖಾನೇ ಬತ್ತದೆ ಕಣೇ. ನಮ್ಮವ್ವಂದು ಬರಾಕಿಲ್ಲ.”