ತಲಿಕಡಿ ಹಾಕಿದ ಕುರ್ಚಿ

...ಏಳಬ್ಯಾಡ, ಏಳಬ್ಯಾಡ, ಕೂಡ ನೀ. ಕೆಲಸ ಬಿಡಬ್ಯಾಡ. ನಾ ಇಲ್ಲೇ ಈ ಖಾಲಿ ಕ್ರೇಟಿನ ಮ್ಯಾಲೆ ಕುಂಡರ್ತೇನಿ. ಚಾ ಬ್ಯಾಡ ಗೀತಾ, ಖರೇನ ಬ್ಯಾಡ, ತಿಕೋಟಾ ಸ್ಟ್ಯಾಂಡಿನ್ಯಾಗ ಕುಡದ ಬಂದೇನಿ. ಹಾಂ, ಅಲ್ಲಿತನಕಾ ಬಸ್ಸು. ಅಲ್ಲಿಂದ ಈ ನಿಮ್ಮ ಕಳ್ಳಕವಟಗಿಗೆ ಟಂಟಂ. ಹಿಂದಿನ ಸೀಟಿನ್ಯಾಗ ಕುಂತಿದ್ನಿ, ತಲಿ ತುಂಬ ಧೂಳ ನೋಡು.

ಗುರ್ತ ಹಿಡದಿ ಅಲ್ಲಾ? ಯಶೋಧರಾ. ವಿಜಯಪುರದಾಗ, ದವಾಖಾನಿ ಎಮರ್ಜೆನ್ಸಿಯೊಳಗಿನ ಸಿಸ್ಟರು. ಹೌದು... ಅವತ್ತ ಕದಾ ತಗದು ಹೊರಗ ಬಂದು ನಿನ್ನ ಮುಂದ ನಿಂತಾಕಿ ನಾನ. ಯುನಿಫಾರ್ಮ್ ಇಲ್ಲದ ನೋಡಿದ್ರ ಮಂದಿಗೆ ಗುರ್ತ ಸಿಗೂದಿಲ್ಲ. ನೀ ಮಾತ್ರ ದೂರಿಂದನ ಹಿಡದಿ. ನಾ ನೋಡಿದ್ನಿ, ಮಾರಿ ಹಂಗ ಆತು ನಿಂದು.

ಮೊದಲ ಮನಿಗೇ ಹೋಗಿದ್ನಿ. ನಿಮ್ಮತ್ತಿ ಕಟ್ಟಿ ಮ್ಯಾಲೆ ಕುಂತಿದ್ಲು, ದುಂಡವ್ವ. ಗೀತಾಂಜಲಿ ಎಲ್ಲದಾಳ್ರಿ ಅಂದ್ರ ಬಾಯಿ ಬಿಡಲಿಲ್ಲ. ಗದ್ದಾ ಎತ್ತಿ ಈ ಒಣದ್ರಾಕ್ಷಿ ಮಣೂಕದ ಶೆಡ್ಡಿನ ಕಡೆ ತೋರಿಸಿದ್ಲು, ಅಷ್ಟ. ಇನ್ನಾ ಮಾತಾಡೂದಿಲ್ಲೇನು ಆಕಿ ನಿನ್ನ ಕೂಡ? ಎರಡ ವರ್ಷ ಆತಲ್ಲೇ ಯವ್ವಾ! ...ಹೂಂ. ...ಹೂಂ.

ಯಾಕ ಬಂದೇನಿ ಅಂತ ಕೇಳವಲ್ಲಿ ನೀ. ಹೆದರಬ್ಯಾಡ, ಯಾವ ಕಾಗದಕ್ಕೂ ಸಹಿ ಬೇಕಾಗಿಲ್ಲ. ಒಂದ ಮಾತ ಕೇಳಾಕ ಬಂದೇನಿ. ನಮ್ಮಲ್ಲೆ ಒಂದ ಟ್ರೇನಿಂಗ್ ನಡದೈತಿ. ಸಣ್ಣ ಮಕ್ಕಳ ಉಸರ ನಿಂತಾಗ, ಎದಿ ಬಡಿತ ನಿಂತಾಗ... ಅಲ್ಲ, ಆ ಮಕ್ಕಳಿಗೆ ಏನ ಮಾಡಬೇಕು ಅನ್ನೂದು ನಮಗ ಗೊತ್ತಿದ್ದದ್ದ. ಇಪ್ಪತ್ತೆರಡ ವರ್ಷ ಅದ್ನ ಮಾಡೇನಿ. ಇದು ಬ್ಯಾರೆ. ಆ ಹೊತ್ತಿನ್ಯಾಗ ತಾಯಿ-ತಂದಿಗೆ ಏನ ಮಾಡಬೇಕು ಅಂತ. ಕಲಿಸಾಕ ಪೂನಮ ಅಂತ ಒಬ್ರು ಮೇಡಂ ಬಂದಾರ. ನನ್ನ ಮಗಳ ವಯಸ್ಸು. ಮೊದಲನೇ ದಿನಾ ನಾವೆಲ್ಲಾ ಕೈ ಕಟಗೊಂಡು ಕುಂತಿದ್ವಿ, ಈ ಹುಡುಗಿ ನಮಗೇನ ಕಲಿಸ್ತೈತಿ ಅಂತ.

ರಬ್ಬರಿನ ಗೊಂಬಿ ತಂದಿದ್ಲು. ನಾಕ ವರ್ಷದ ಕೂಸಿನಷ್ಟ. ಟೇಬಲ್ ಮ್ಯಾಲೆ ಮಲಗಿಸಿದ್ಲು, ತಲಿಕಡಿ ಒಂದ ಕುರ್ಚಿ ಹಾಕಿದ್ಲು. ಇದ್ಯಾರಿಗ್ರಿ ಮೇಡಂ ಅಂದ್ವಿ. ತಾಯಿಗೆ ಅಂದ್ಲು. ಒಬ್ಬರ ಮಾರಿ ಒಬ್ರು ನೋಡಿದ್ವಿ. ತಾಯಿಗೆ ಕುರ್ಚಿ! ಅಲ್ಲೆ, ಅದರ ನಡುವ! ನಮ್ಮಲ್ಲೆ ಎಲ್ಲಾಕ್ಕಿಂತ ಮೊದಲನೇ ಕೆಲಸ ಏನ ಗೊತ್ತೇನು? ಮಂದಿನ್ನ ಹೊರಗ ಹಾಕೂದು. ಕದಾ ಮುಚ್ಚಿ ಚಿಲಕಾ ಹಾಕೂದು. ಉಳದದ್ದೆಲ್ಲಾ ಆಮ್ಯಾಲೆ.

ಮೇಡಂ ಹೇಳಿದ್ಲು, ತಾಯಿ ಒಳಗ ಇರತೇನಂದ್ರ ಇರಲಿ, ಒಲ್ಲೆ ಅಂದ್ರ ಬಿಡಲಿ, ಅದು ಆಕಿ ಮರ್ಜಿ. ಆದ್ರ ಕೇಳೂದು ನಿಮ್ಮ ಕೆಲಸ. ಆಕಿ ಸಲುವಾಗಿನ ಒಬ್ರು ಬಾಜೂಕ ನಿಂದರಬೇಕು, ಬ್ಯಾರೆ ಯಾವ ಕೆಲಸಾನೂ ಹಚಗೋಬಾರ್ದು. ಈಗ ಗಾಳಿ ಕೊಡಾಕತ್ತಾರ, ಈಗ ಎದಿ ಒತ್ತಾಕತ್ತಾರ ಅಂತ ಹೇಳಕೋತ ಇರಬೇಕು. ಕೂಸ ಸತ್ರ, ಸತ್ತಾಳ ಅಂತ ಬಾಯಿಬಿಟ್ಟು ಹೇಳಬೇಕು. ‘ಹೋದ್ಲು’ ಅಂದ್ರ ಎಲ್ಲಿಗೆ ಹೋದ್ಲು ಅಂತ ಕೇಳ್ತಾರಂತ ತಾಯಂದ್ರು. ಖರೇ ಐತಿ. ಕೇಳ್ಯಾರ, ನನ್ನ ಕೇಳ್ಯಾರ.

ಎರಡನೇ ದಿನಾ ನಾಟಕ ಮಾಡಿಸಿದ್ಲು. ನನಗ ತಾಯಿ ಪಾರ್ಟು.

...ನಗು, ನಗು. ಅವ್ರೂ ನಕ್ರು. ಐವತ್ತ ವರ್ಷದ ಮುದುಕಿ, ರಬ್ಬರ ಗೊಂಬಿಗೆ ತಾಯಿ!

ನಮ್ಮ ಎಮರ್ಜೆನ್ಸಿ ಕದದ ಹೊರಗ ನಿಲ್ಲಿಸಿದ್ರು. ಚೀರ್ರಿ ಸಿಸ್ಟರ್, ಕದಾ ಬಡೀರಿ, ಒಳಗ ನಿಮ್ಮ ಕೂಸ ಐತಿ ಅಂದ್ಲು ಮೇಡಂ. ಕೈ ಎತ್ತಿದ್ನಿ. ಎತ್ತಿದ ಕೈ ಅಲ್ಲೇ ನಿಂತು. ಬಡಿಯಾಕ ಆಗವಲ್ದು. ಕದದ ಬಣ್ಣ ನೋಡಕೋತ ನಿಂತಿದ್ನಿ. ಇಪ್ಪತ್ತೆರಡ ವರ್ಷದಾಗ ಮುಚ್ಚಿದ ಆ ಕದಾ ನಾ ಹೊರಗ ನಿಂತು ನೋಡೇ ಇಲ್ಲ ಗೀತಾ. ಹೊರಗಿನ ಬಣ್ಣ ಬ್ಯಾರೆ ಐತಿ. ಹಸರು. ಎದಿ ಮಟಕ್ಕ ಬಣ್ಣ ಹಾರೈತಿ... ಬಡದು ಬಡದು.

ಆಮ್ಯಾಲೆ ನಮ್ಮ ಮಾಬುಬಿ ಕದಾ ತಗದ್ಲು. ಆಕಿಗೆ ತಾಯಿ ಕೂಡ ನಿಂದರೂ ಪಾರ್ಟು. ನನ್ನ ಕೈ ಹಿಡದು, ‘ಬರ್ರಿ ಅವ್ವಾರ, ನಾ ನಿಮ್ಮ ಸಂಗಟ ಅದೇನಿ. ಒಳಗ ಬಾಳ ಮಂದಿ ಅದಾರ, ಗದ್ಲ ಐತಿ, ಹೆದರಬ್ಯಾಡ್ರಿ. ತಲಿಕಡಿ ಕುಂಡ್ರಿ, ಮಗಳ ಹೆಸರ ಹಿಡದ ಕರೀರಿ’ ಅಂದ್ಲು. ದಿನಾ ನನ್ನ ಕೂಡ ಡಬ್ಬಿ ಬಿಚ್ಚಿ ಉಣ್ಣಾಕಿ, ನನಗ ‘ಅವ್ವಾರ’ ಅಂದ್ಲು. ಯಾರೂ ನಗಲಿಲ್ಲ ಆವಾಗ.

ಕೆಲವ್ರು ಅತ್ರು. ನನಗ ಏನೂ ಆಗಲಿಲ್ಲ. ಈಗೂ ಏನೂ ಆಗವಲ್ದು. ಮನಿಗೆ ಹೋಗಿ ರೊಟ್ಟಿ ಮಾಡಿದ್ನಿ, ಉಂಡ್ನಿ, ಅರಿವಿ ಒಗದ್ನಿ. ಕೈ ತಾವ ಮಾಡ್ತಾವು. ಯಾರರೆ ಬಂದು ನಿನ್ನ ಮನಿಗೆ ಬೆಂಕಿ ಹತ್ತೇತಿ ಅಂದ್ರೂ ಹೌದಾ ಅಂತಿದ್ನಿ ಅನಸ್ತೈತಿ.

ಮುಂದಿನ ವಾರ ತಿಕೋಟಾ, ಬಬಲೇಶ್ವರ ಕಡಿಯವ್ರೂ ಬರ್ತಾರ ಕಲಿಯಾಕ. ಅವತ್ತ ಒಬ್ಬ ತಾಯಿ ಬಂದು ಮಾತಾಡಿದ್ರ ಚಲೋ ಆಗ್ತೈತಿ ಅಂದ್ಲು ಮೇಡಂ. ಕದದ ಹೊರಗ ನಿಂತಾಕಿ. ಅಲ್ಲಿ ಹೆಂಗಿರ್ತೈತಿ ಅಂತ ಹೇಳಾಕಿ. ಯಾರರೆ ಗೊತ್ತದಾರೇನು ಅಂದ್ಲು. ನಾ ಕೈ ಎತ್ತಿದ್ನಿ.

ಅದನ್ನ ಕೇಳಾಕ ಬಂದೇನಿ. ಬರತೀಯೇನು?

...ತಲಿ ಅಲ್ಲಾಡಸಬ್ಯಾಡ ಹಂಗ. ಒಂದ ತಾಸು. ನಾನ ಬಂದು ಕರಕೊಂಡ ಹೋಗ್ತೇನಿ. ...ಗೊತ್ತೈತಿ, ಯಾಕ ಒಲ್ಲೆ ಅಂತಿ ಅಂತ. ನಿನ್ನ ಕೂಸಿನ್ನ, ಮಾಳಿನ್ನ, ಹೊಂಡದಿಂದ ತಗದ ಮ್ಯಾಲೆ ನೀ ಕಾಲ ಹಿಡದು ತಿರಿಗಿಸಿದ್ದಿ, ಹೊಟ್ಟಿ ಒತ್ತಿದ್ದಿ, ನೀರ ಹೊರಗ ಬರಲಿ ಅಂತ. ಎಲ್ಲಾರೂ ಹಂಗ ಮಾಡ್ತಾರಲ್ಲ, ಯಾರ ಕಲಿಸ್ಯಾರ ನಿನಗ? ಅಲ್ಲೇ ಹೊತ್ತ ಕಳದ್ಲು, ಮಗಳನ್ನ ಈಕಿನ ಕೊಂದ್ಲು ಅಂತ ದುಂಡವ್ವ ವರಾಂಡದಾಗ ಒದರಾಕತ್ತಿದ್ಲು. ಅದ ಹೊತ್ತಿಗೆ ನಾ ಕದಾ ತಗದ ಹೊರಗ ಬಂದ್ನಿ. ‘ತಡಾ ಆತ್ರಿ. ಇಲ್ಲಿಗೆ ತರೂದ್ರೊಳಗ ಜೀವ ಹೋಗಿತ್ತು’ ಅಂದ್ನಿ. ನಿಮ್ಮತ್ತಿ ಸುಮ್ಮನಾದ್ಲು. ನಿನ್ನ ಕಡೆ ನೋಡಿದ್ಲು... ಅವತ್ತ ಮುಚ್ಚಿದ ಬಾಯಿ.

ಅದನ್ನೇನೂ ಹೇಳಬ್ಯಾಡ ನೀ ಅಲ್ಲೆ. ಹೊರಗ ನಿಂತದ್ದಷ್ಟ ಹೇಳು. ಆ ಕುರ್ಚಿ ಬೇಕಾಗಿತ್ತೋ ಇಲ್ಲೋ ಅದನ್ನಷ್ಟ ಹೇಳು. ನಾ ಕುಂತ ನೋಡೇನಿ ಅದರಾಗ. ಮಾಬುಬಿ ಕುಂಡ್ರಿಸಿದ್ಲು, ಗೊಂಬಿ ಕೈ ತಂದು ನನ್ನ ಕೈಯಾಗ ಇಟ್ಲು. ತಣ್ಣಗ, ನುಣ್ಣಗ, ಏನ ಹಿಡದಂಗೂ ಆಗೂದಿಲ್ಲ. ಗೊಂಬಿ ತಿರಿಗಿ ಹಿಡಿಯೂದಿಲ್ಲಲ್ಲ! ಮಾಳಿ ಹೆಂಗ ನನ್ನ ಬಟ್ಟು ಗಪ್ಪಂತ ಹಿಡದಿದ್ಲು, ಬಿಡಿಸಿಕೊಂಡು ಸೂಜಿ ಹಾಕೂದ...

...

ಯಾಕ ಕೈ ನಿಂತು ನಿಂದು?

ಗೀತಾ... ಆ ಬುಟ್ಟಿ ಬೀಳ್ತೈತಿ, ಹಿಡಿ. ...ಗೀತಾ?

ಏನ ಅಂದ್ನಿ ನಾ? ಗೊಂಬಿದು ಹೇಳಾಕತ್ತಿದ್ನಿ. ಗೊಂಬಿ ಕೈ... ಇಲ್ಲ, ಸತ್ತವ್ರ ಕೈನೂ ಒಮ್ಮೊಮ್ಮೆ ತಾನ ಬಿಗಿ... ಹಂಗ ಆಗ್ತೈತಿ, ಅದು...

ಹಂಗ ನೋಡಬ್ಯಾಡ. ಬಯ್ಯಿ ಬೇಕಾದ್ರ. ಕಲ್ಲ ತಗೊಂಡು ಒಗಿ.

...ಹೌದು. ಹಿಡದಿದ್ಲು. ಜೀವ ಇತ್ತು.

ಏಳ ನಿಮಿಷ. ಗಡಿಯಾರ ನೋಡೂದು ನನ್ನ ಕೆಲಸ, ಅದಕ್ಕ ಗೊತ್ತು. ಎದಿ ಒತ್ತಿ ಒತ್ತಿ, ಗಾಳಿ ಕೊಟ್ಟು, ಬಡಿತ ತಿರಿಗಿ ಬಂತು. ತಾನ ಉಸರ ಎಳದ್ಲು. ಕಣ್ಣ ತಗದ್ಲು. ಅಜಿತ ಡಾಕ್ಟರ ಸಾಹೇಬ್ರು, ‘ಸಿಸ್ಟರ್, ತಾಯಿನ್ನ ಕರೀರಿ ಲಗೂನ’ ಅಂದ್ರು. ಅವರಿಗ್ಯಾವ ಟ್ರೇನಿಂಗೂ ಆಗಿರಲಿಲ್ಲ. ತಾವ ಅಂದ್ರು. ಕದದ ತನಕಾ ಹೋದ್ನಿ. ಚಿಲಕದ ಮ್ಯಾಲೆ ಕೈ ಇಟ್ನಿ. ಆ ಕಡಿಯಿಂದ ನೀ ಬಡಿಯಾಕತ್ತಿದ್ದಿ, ಕದಾ ನಡಗೂದು ನನ್ನ ಅಂಗೈಗೆ ಹತ್ತತಿತ್ತು...

ತಗೀಲಿಲ್ಲ.

ಅದರ ಹಿಂದಿನ ತಿಂಗಳ ಯಾರೋ ಒಳಗ ನುಗ್ಗಿ ನಮ್ಮ ಹುಡುಗಿಗೆ ಹೊಡದಿದ್ರು, ಅದಕ್ಕ ಹೆದರಿದ್ನಿ ಅಂತ ಹೇಳಬಹುದು. ಇಷ್ಟ ದಿನಾ ನನಗ ನಾ ಹಂಗ ಹೇಳಕೊಂಡೇನಿ. ಅಲ್ಲ. ನೀ ಒಳಗ ಬಂದು ಅಳತಿ, ಬೀಳತಿ, ನಿನ್ನ ಹಿಡೀಬೇಕಾಗ್ತೈತಿ... ಬ್ಯಾಡಾಗಿತ್ತು ನನಗ. ಅಷ್ಟ. ತಿರಿಗಿ ಬಂದು, ‘ತಾಯಿಗೆ ಎಚ್ಚರಿಲ್ರಿ ಸರ್’ ಅಂದ್ನಿ. ನೀ ಬಡಿಯಾಕತ್ತಿದ್ದಿ, ನಾ ಎಚ್ಚರಿಲ್ಲ ಅಂದ್ನಿ. ಹೊರಗ ಅಷ್ಟ ಮಂದಿ ಇದ್ರು, ಯಾರ ಬಡಿಯಾಕತ್ತಾರ ಅಂತ ಡಾಕ್ಟರಿಗೇನ ಗೊತ್ತು.

ಆಮ್ಯಾಲೆ ಬಡಿತ ಮತ್ತ ನಿಂತು. ಮತ್ತ ಬರಲಿಲ್ಲ. ಹೊರಗ ಬಂದು ಖರೇ ಹೇಳಿದ್ರ, ಏಳ ನಿಮಿಷ ನನ್ನ ಯಾಕ ಕರೀಲಿಲ್ಲ ಅಂತಿದ್ದಿ. ಅದಕ್ಕ... ತಡಾ ಆತು ಅಂದ್ನಿ. ನಿನ್ನ ಮ್ಯಾಲೆ ಹಾಕಿದ್ನಿ.

ನೀ ತರೂದು ತಡಾ ಆಗಿತ್ತೋ ಇಲ್ಲೋ, ನನಗ ಗೊತ್ತಿಲ್ಲ, ಯಾ ಡಾಕ್ಟರಿಗೂ ಗೊತ್ತಾಗೂದಿಲ್ಲ. ಸುಳ್ಳ ಸಮಾಧಾನ ಹೇಳೂದಿಲ್ಲ ಇನ್ನ. ಆದ್ರ ನೀ ಸತ್ತಾಕಿನ್ನ ತಂದಿದ್ದಿಲ್ಲ. ಕಣ್ಣ ತಗಿಯೂವಷ್ಟ ಜೀವ ಇದ್ದಾಕಿನ್ನ ತಂದಿದ್ದಿ. ಹೊರಗಿಂದ ನೀ ‘ಮಾಳೀ’ ಅಂದಾಗೊಮ್ಮೆ ಆಕಿ ಕಣ್ಣ ಕದದ ಕಡೆ ಹೋಗತಿದ್ವು. ಪ್ರತಿ ಸಲ. ನಿನ್ನ ದನಿ ಕೇಳಿದ್ಲು ಆಕಿ. ನನ್ನ ಬಟ್ಟು ಹಿಡದಿದ್ಲು, ನಿಂದ ಅಂತ ತಿಳದಿರಬೇಕು.

...

ಈಗ ಏನೂ ಅನಬ್ಯಾಡ.

ನಾ ಈಗ ನಿಮ್ಮತ್ತಿ ಕಡೆ ಹೋಗ್ತೇನಿ. ಇದ ಮಾತ ಆಕಿ ಮುಂದ ಹೇಳ್ತೇನಿ, ನಿನ್ನ ಗಂಡ ಬಂದ್ರ ಅಂವನ ಮುಂದೂ ಹೇಳ್ತೇನಿ. ಮುಂದಿನ ವಾರ ಅವ್ರೆಲ್ಲಾರ ಮುಂದೂ ನಾನ ಹೇಳ್ತೇನಿ, ನೀ ಬರೂದು ಬ್ಯಾಡ. ಏನ ಬಂದ್ರೂ ಬರಲಿ ನನಗ. ...ಬಿಡು, ಬಿಡು, ಕೂಡ ನೀ, ನಾ ಒಬ್ಬಾಕಿನ ಹೋಗ್ತೇನಿ...

...ಬರತೀಯಾ?

ಚಪ್ಪಲಿ ಹಾಕೋ ಯವ್ವಾ. ನೆಲಾ ಕಾದೈತಿ.