ತೆರೆಯದೆ ನೋಡಿದ್ದು

ದೀಪ ಆರಿಸಬೇಡಿ, ಹಾಗೇ ಇರಲಿ. ಇದು ಅಜ್ಜಿ ಕತೆ ಅಲ್ಲ. ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ವಾಕ್ಯದ ಕೊನೆಗೆ ಚುಕ್ಕಿ ಇಡದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಅದಕ್ಕೇ ಮನೆಮಂದಿಗೆಲ್ಲ ಅವಳು ಚುಕ್ಕಿ.

ಅವತ್ತು ಆಫೀಸಿನಿಂದ ಹೊರಟಾಗ ರಾತ್ರಿ ಎಂಟೂಮುಕ್ಕಾಲು. ಮುಂದಿನ ಗೇಟು ರಿಪೇರಿಗೆಂದು ಮುಚ್ಚಿತ್ತು. ಹಿಂದಿನ ಗೇಟಿಗೆ ಹೋಗಬೇಕಾದರೆ ಹಳೇ ಬಾವಿ ದಾಟಬೇಕು. ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದಿದ್ದಾರೆ. ಪಕ್ಕದಲ್ಲೇ ಕಟ್ಟಡದ ಹಿಂಬದಿಯ ಮೆಟ್ಟಿಲು. ಎಂಟು ತಿಂಗಳಿಂದ ಚುಕ್ಕಿ ಆ ಕಡೆ ತಲೆಹಾಕಿರಲಿಲ್ಲ.

ಬಾವಿ ದಾಟಿದಳು. ಹಿಂದಿನಿಂದ... ಟಕ್.

ನಿಂತಳು.

ಟಕ್... ಟಕ್‌ಟಕ್.

ಪೆನ್ನಿನ ತುದಿಯಿಂದ ಮೆಟ್ಟಿಲ ಕಂಬಿಗೆ ತಟ್ಟಿದ ಸದ್ದು. ಎರಡು ನಿಧಾನ, ಎರಡು ಬೇಗ. ಆ ತಾಳ ಇಡೀ ಆಫೀಸಿಗೇ ಗೊತ್ತಿತ್ತು. ಮೇಷ್ಟ್ರು ಸಾಲು ಸಾಲು ಓದುತ್ತಾ ಮೇಜಿಗೆ ಹಾಗೇ ತಟ್ಟುತ್ತಿದ್ದರು. ಮೇಷ್ಟ್ರು ತೀರಿಕೊಂಡು ಎಂಟು ತಿಂಗಳು.

ಮೇಷ್ಟ್ರು ಅಂದರೆ ಶಾಲೆಯವರಲ್ಲ. ಚುಕ್ಕಿ ಬರೆದದ್ದನ್ನು ಪರೀಕ್ಷೆ ಮಾಡುತ್ತಿದ್ದ ಹಿರಿಯರು. ಸಾಫ್ಟ್‌ವೇರನ್ನು ಹೇಗೆ ಬಳಸಬೇಕು ಅಂತ ಬರೆಯುವುದು ಅವಳ ಕೆಲಸ. ಈಚೆಗೆ ಅದನ್ನು ಓದುವವರು ಮನುಷ್ಯರೇ ಅಲ್ಲ, ಎಐ ಏಜೆಂಟುಗಳು, ಅಂದರೆ ಓದಿದ್ದನ್ನು ತಾವೇ ಮಾಡಿ ಮುಗಿಸುವ ಪ್ರೋಗ್ರಾಮುಗಳು. ಈಗ ಅವಳ ಕೈಗೆ ಬಂದಿದ್ದದ್ದು ಒಂದು ಸಣ್ಣ ಟೂಲ್. ಸಂದೇಶದ ಸಂಖ್ಯೆ ಕೊಟ್ಟರೆ ಅದರ ವಿವರ ಹುಡುಕಿ ತರುತ್ತದೆ. ಕಳಿಸಿದವರು ಯಾರು, ಬರೆದದ್ದೇನು, ಎಷ್ಟೊತ್ತಿಗೆ ಕಳಿಸಿದ್ದು, ಎಷ್ಟೊತ್ತಿಗೆ ತೆರೆದದ್ದು. ನಾಲ್ಕೇ ಸಾಲು. ಈ ಸಂಖ್ಯೆ ಕೊಟ್ಟರೆ ಈ ಉತ್ತರ ಬರುತ್ತದೆ ಅಂತ ಅದಕ್ಕೆ ಒಂದು ಉದಾಹರಣೆ ಬರೆಯಬೇಕು, ಬರೆದದ್ದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕು.

"ಏಜೆಂಟಿಗೆ ಅನುಮಾನ ಪಡೋಕೆ ಬರಲ್ಲಮ್ಮ," ಎನ್ನುತ್ತಿದ್ದರು ಮೇಷ್ಟ್ರು. "ನೀನು ಬರೆದದ್ದೇ ಅದಕ್ಕೆ ವೇದವಾಕ್ಯ. ಓಡಿಸಿ ನೋಡದೆ ಒಂದಕ್ಷರ ಹೊರಗೆ ಬಿಡಬೇಡ."

ಅವತ್ತು ಚುಕ್ಕಿ ಓಡಿಸಿ ನೋಡಿರಲಿಲ್ಲ. ಬಾಯಿಗೆ ಬಂದ ಸಂಖ್ಯೆ ಹಾಕಿ, ಕೈಗೆ ಬಂದ ಉತ್ತರ ಗೀಚಿ ಎದ್ದು ಬಂದಿದ್ದಳು.

ಮೆಟ್ಟಿಲ ಕತ್ತಲಿಂದ, ಮೆಲ್ಲಗೆ...

"ಓಡಿಸಿ ನೋಡಿದೆಯಾ?"

"...ಇಲ್ಲ ಮೇಷ್ಟ್ರೇ."

"ನೋಡು."

ನೀವಾಗಿದ್ದರೆ ಗೇಟಿನ ಕಡೆಗೆ ಓಟ ಕೀಳುತ್ತಿದ್ದಿರಿ. ನಾನೂ ಅಷ್ಟೇ. ಅವಳ ಕಾಲು ಮಾತ್ರ ಅವಳನ್ನು ವಾಪಸು ಮೇಜಿಗೇ ಎಳೆದುಕೊಂಡು ಹೋಯಿತು. ಆ ದನಿಗೆ ಇನ್ನೊಂದು ಸಲ ಬೆನ್ನು ತೋರಿಸುವ ಧೈರ್ಯ ಅವಳಿಗೆ ಇರಲಿಲ್ಲ.

ಇಡೀ ಮಹಡಿ ಖಾಲಿ. ಕಂಪ್ಯೂಟರಿನ ಫ್ಯಾನು ಮಾತ್ರ ಗುಂಯ್ ಅನ್ನುತ್ತಿತ್ತು. ಟೂಲನ್ನು ಪರೀಕ್ಷಿಸಲೆಂದು ಇಟ್ಟಿರುವ ಸಂದೇಶ ಪೆಟ್ಟಿಗೆಯಲ್ಲಿ ಒಂದೂ ಸಂದೇಶ ಇರುವುದಿಲ್ಲ. ಯಾವ ಸಂಖ್ಯೆ ಕೊಟ್ಟರೂ "ಅಂಥ ಸಂದೇಶ ಇಲ್ಲ" ಅಂತಲೇ ಬರಬೇಕು. ಗುಂಡಿ ಒತ್ತಿದಳು.

ಫ್ಯಾನು ನಿಂತಿತು. ಆಮೇಲೆ ಉತ್ತರ ಬಂತು.

ಕಳಿಸಿದವರು: ಮೇಷ್ಟ್ರು.
ಸಂದೇಶ: ಬಾವಿ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದೀನಿ. ಎದೆ ಹಿಡಿದ ಹಾಗಾಗ್ತಿದೆ. ಸ್ವಲ್ಪ ಬರ್ತೀಯಾ?
ಕಳಿಸಿದ್ದು: 8:40.
ತೆರೆದದ್ದು: ಖಾಲಿ.

ಅದರ ಕೆಳಗೆ ಐದನೆಯ ಸಾಲು. ಆ ಟೂಲಿನಲ್ಲಿ ಐದನೆಯ ಸಾಲೇ ಇಲ್ಲ!

ತೆರೆಯದೆ ನೋಡಿದ್ದು: 8:41.

ನಾವೆಲ್ಲ ಮಾಡುವುದೇ ಅಲ್ಲವಾ ಇದು? ಸಂದೇಶ ಬಂದ ತಕ್ಷಣ ಫೋನಿನ ನೆತ್ತಿಯ ಮೇಲೆ ಎರಡು ಸಾಲು ಕಾಣುತ್ತದೆ. ಅಲ್ಲೇ ಓದಿಕೊಂಡು ಬೆರಳಲ್ಲಿ ಪಕ್ಕಕ್ಕೆ ತಳ್ಳಿಬಿಡುತ್ತೇವೆ. ತೆರೆಯದಿದ್ದರೆ ಓದಿದ್ದು ಕಳಿಸಿದವರಿಗೆ ಗೊತ್ತಾಗುವುದಿಲ್ಲ. ಮೇಷ್ಟ್ರು ತೀರಿಕೊಂಡ ರಾತ್ರಿ ಚುಕ್ಕಿ ಹಾಗೇ ಮಾಡಿದ್ದಳು. ಮೇಷ್ಟ್ರಿಗೆ ಹೊಟ್ಟೆ ಉಬ್ಬರ, ಎದೆ ಉರಿ ದಿನಾ ಇದ್ದದ್ದೇ. ಎರಡು ಪುಟ ಬಾಕಿ ಇತ್ತು. ಮುಗಿಸಿಯೇ ಹೋದರಾಯಿತು ಅಂದುಕೊಂಡಳು. ಒಂಬತ್ತೂವರೆಗೆ ಮೆಟ್ಟಿಲ ಮೇಲೆ ಮೇಷ್ಟ್ರನ್ನು ಕಂಡು ಕಾವಲಿನವನು ಕೂಗಿಕೊಂಡ.

ಆಮೇಲೆ ಎಲ್ಲರಿಗೂ ಒಂದೇ ಮಾತು: "ಕೆಲಸದಲ್ಲಿದ್ದೆ, ಫೋನು ನೋಡಲೇ ಇಲ್ಲ." ಮೇಷ್ಟ್ರ ಹೆಂಡತಿಯ ಕೈ ಹಿಡಿದುಕೊಂಡು ಅತ್ತು ಅದನ್ನೇ ಹೇಳಿದ್ದಳು. ತೆರೆಯದ ಸಂದೇಶವೇ ಸಾಕ್ಷಿ. ಎಲ್ಲರೂ ನಂಬಿದರು. ಆಕೆಯೇ ಇವಳ ತಲೆ ಸವರಿ ಸಮಾಧಾನ ಮಾಡಿದ್ದರು. ಅದು ಇವಳನ್ನು ಎಂಟು ತಿಂಗಳು ಸುಟ್ಟಿತ್ತು. ಆ ಸಂದೇಶವನ್ನು ಅವಳು ಇವತ್ತಿನವರೆಗೂ ತೆರೆದಿರಲಿಲ್ಲ. ಅಳಿಸಿಯೂ ಇರಲಿಲ್ಲ.

ಬೆಳಗಾಗಲಿ ಅಂತ ಕಾಯಲಿಲ್ಲ. ಎರಡು ಬೀದಿ ಆಚೆ ಮೇಷ್ಟ್ರ ಮನೆ. ಬಾಗಿಲು ತಟ್ಟಿದಳು. ಅವರ ಹೆಂಡತಿ ತೆರೆದರು.

"ಏನಮ್ಮ, ಈ ಹೊತ್ತಲ್ಲಿ?"

"ಅಕ್ಕಾ... ಅವತ್ತು ನಾನು ನೋಡಿದ್ದೆ."

ಆಕೆ ಏನನ್ನು ಅಂತ ಕೇಳಲಿಲ್ಲ. ಒಳಗೆ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

"ಎಷ್ಟೊತ್ತಿಗೆ?"

"ಎಂಟು ನಲವತ್ತೊಂದಕ್ಕೆ."

"ಒಂಬತ್ತರ ತನಕ ಜೀವ ಇದ್ದಿರಬೇಕು ಅಂದ್ರು ಡಾಕ್ಟ್ರು."

"ಅಕ್ಕಾ, ನನ್ನ..."

"ಕ್ಷಮೆ ಕೇಳಬೇಡ. ನನ್ನ ಹತ್ರ ಇಲ್ಲ." ಆಕೆ ಚುಕ್ಕಿಯ ಫೋನಿನ ಕಡೆ ಬೆರಳು ತೋರಿಸಿ ಅಂದರು, "ಅದನ್ನ ತೆಗಿ. ನನ್ನ ಕಣ್ಣೆದುರಿಗೆ ತೆಗಿ."

ಚುಕ್ಕಿ ಸಂದೇಶ ತೆರೆದಳು.

ಒಳಕೋಣೆಯಿಂದ... ಟಿಣ್.

ಇಬ್ಬರೂ ತಿರುಗಿ ನೋಡಿದರು. ಆಕೆ ಹೋಗಿ ಬೀರುವಿನ ಬೀಗ ತೆಗೆದು, ಮಡಿಸಿಟ್ಟ ಅಂಗಿಗಳ ಅಡಿಯಿಂದ ಮೇಷ್ಟ್ರ ಹಳೇ ಫೋನು ತೆಗೆದರು. ಅದನ್ನು ಮಗುಚಿ ನೋಡಿದರು. ತುಂಬ ಹೊತ್ತು ನೋಡಿದರು.

"ನೀನು ಹೊರಡು," ಅಂದರು.

ಆ ಫೋನಿನ ಬ್ಯಾಟರಿ ಉಬ್ಬಿದೆ ಅಂತ ಅಂಗಡಿಯವನು ಅದನ್ನು ಕಿತ್ತೆಸೆದು ಆಗಲೇ ಅರ್ಧ ವರ್ಷವಾಗಿತ್ತು. ಚುಕ್ಕಿ ಸುಳ್ಳು ಹೇಳುತ್ತಾಳೆ ಅಂತೀರಾ? ಹೇಳಿದ್ದಳು, ಒಂದು ಸಲ. ಆಮೇಲೆ ಇಲ್ಲ. ನಾನೂ ಆ ಮನೆಗೆ ಹೋಗಿದ್ದೆ, ಆ ಫೋನು ಕೈಯಲ್ಲಿ ಹಿಡಿದಿದ್ದೇನೆ. ಹಿಂಬದಿಗೆ ಮುಚ್ಚಳವೂ ಇಲ್ಲ. ಬ್ಯಾಟರಿ ಇರಬೇಕಾದ ಜಾಗದಲ್ಲಿ ಒಂದಿಷ್ಟು ಧೂಳು ಕೂತಿದೆ, ಅಷ್ಟೇ.